ಸಂದಿಯ ಕಡೆಯ ಗೋಡೆ

ನವೆಂಬರ್ ೪, ಮಂಗಳವಾರ

ಇವತ್ತು ಮನೆಗಳನ್ನು ಹಂಚಿದರು. ಲೋಹ್ಸೆ ಮೇಡಂ ತಮ್ಮ ಉಣ್ಣೆ ಟೋಪಿಯೊಳಗೆ ಚೀಟಿ ಹಾಕಿ ತರಗತಿಯ ಸುತ್ತ ತಿರುಗಿಸಿದರು. ಹಳೇ ಕಟ್ಟಡ ಉಳಿಸುವ ಈ ಕೋರ್ಸಿನಲ್ಲಿ ಮೊದಲ ವರ್ಷದವರು ಹದಿನಾಲ್ಕು ಜನ. ಇಬ್ಬಿಬ್ಬರಿಗೆ ಈ ಟಿಲ್ಲರೋಡೆ ಊರಿನ ಒಂದೊಂದು ಹಳೇ ಮನೆ. ನವೆಂಬರ್ ಮುಗಿಯುವುದರೊಳಗೆ ಅದರ ನೆಲಮಾಳಿಗೆಯ ಮೇಲಿನ ಅಂತಸ್ತನ್ನು ಕೈಯಿಂದಲೇ ಅಳೆದು, ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದು ಕೊಡಬೇಕು. ಯಂತ್ರ ಮುಟ್ಟುವಂತಿಲ್ಲ. ಒಂದು ದಾರ, ಒಂದು ತೂಗುಗುಂಡು, ಒಂದು ಮಡಚುವ ಅಳತೆಕೋಲು, ಅಷ್ಟೇ.

"ನಿಯಮ ಒಂದೇ," ಅಂದರು ಮೇಡಂ. "ಗೊತ್ತಿರೋದನ್ನ ಬರೀಬೇಡಿ. ಅಳೆದಿದ್ದನ್ನ ಬರೀರಿ."

ಎಲ್ಲರೂ ನಕ್ಕರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದೆ.

ನನ್ನ ಚೀಟಿಯಲ್ಲಿ ಬಂದದ್ದು ತಕ್ಕಡಿ ಮನೆ. ಮಾರುಕಟ್ಟೆ ಚೌಕದಲ್ಲಿ, ಪುರಭವನದ ಎದುರಿಗೆ. ಬಾಗಿಲ ಮೇಲಿನ ತೊಲೆಯಲ್ಲಿ ೧೫೬೩ ಎಂದು ಕೆತ್ತಿದೆ. ಒಂದು ತಿಂಗಳಿಂದ ದಿನಕ್ಕೆರಡು ಸಲ ಅದರ ಮುಂದೆಯೇ ಹೋಗುತ್ತಿದ್ದೇನೆ, ಕಮಾನುಗಳ ಕೆಳಗೆ, ಗೋಡೆಗೆ ಅಂಟಿಕೊಂಡು. ಚೌಕದ ನಡುವೆ ನಡೆಯಲು ನನಗೆ ಆಗುವುದಿಲ್ಲ. ನಾಲ್ಕೂ ಕಡೆಯ ಮನೆಗಳು ಅಂತಸ್ತಿನಿಂದ ಅಂತಸ್ತಿಗೆ ಒಂದೊಂದು ಗೇಣು ಮುಂದಕ್ಕೆ ಬಾಗಿ, ಯಾರು ಬಂದರು ಎಂದು ಅಷ್ಟೂ ಕಿಟಕಿಗಳಿಂದ ನೋಡುತ್ತವೆ. ಇವನ್ನು ಕಟ್ಟಿದ ಕಾಲದಲ್ಲಿ ಈ ಚೌಕದಲ್ಲಿ ಉಪ್ಪನ್ನು ತೂಗುತ್ತಿದ್ದರು. ಇವುಗಳ ಎದುರಿಗೆ ಚೀಲ ನೇತುಹಾಕಿಕೊಂಡು ನಾನು ಹೋಗುವುದೆಂದರೆ ಏನೋ ಕದ್ದು ಹೋಗುತ್ತಿದ್ದೇನೆ ಅನಿಸುತ್ತದೆ.

ನಾರ್ವಿಚ್‌ನಿಂದ ಪಪ್ಪನ ಇಮೇಲ್. ಕಷ್ಟವಾದರೆ ಬಿಟ್ಟುಬಿಡು, ಮುಂದಿನ ವರ್ಷಕ್ಕೆ ಇಲ್ಲೇ ಸೇರಬಹುದು, ಜನವರಿ ಇಪ್ಪತ್ತೆಂಟರೊಳಗೆ ಫಾರ್ಮ್ ಕಳಿಸಿದರಾಯಿತು ಎಂದಿದ್ದಾರೆ. ಫಾರ್ಮ್ ಪ್ರಿಂಟ್ ಮಾಡಿ, ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿನಲ್ಲಿಟ್ಟೆ. ಅದು ಅಲ್ಲಿದೆ ಎಂದು ಮುಟ್ಟಿ ನೋಡಿಕೊಂಡರೆ ಉಸಿರು ಸ್ವಲ್ಪ ಸರಾಗ.

ನವೆಂಬರ್ ೧೦, ಸೋಮವಾರ

ತಕ್ಕಡಿ ಮನೆಯ ಕೆಳಗೆ ಈಗ ಬಟ್ಟೆಯ ಗುಂಡಿ ಮಾರುವ ಅಂಗಡಿ. ಫ್ರೌ ನೀಬೂರ್ ನಡೆಸುತ್ತಾರೆ. ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಎರಡು ಕನ್ನಡಕ. ಕೊಂಬಿನ ಗುಂಡಿ, ಹಿತ್ತಾಳೆ ಗುಂಡಿ, ಚಿಪ್ಪಿನ ಗುಂಡಿ, ಜರಿ, ಲೇಸು. ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದು ಸಂದಿ; ಆ ಸಂದಿಯ ಕಡೆಯ ಗೋಡೆಗೆ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಎಳೆದು ತೆಗೆಯುವ ಗುಂಡಿಯ ಖಾನೆಗಳು, ಇನ್ನೂರ ಹತ್ತು. ಮುಖ ಮಾತ್ರ ಕಾಣುತ್ತದೆ, ಒಂದೇ ಸಾಲು, ಒಂದೇ ಮಟ್ಟ.

"ಯಾವ ಖಾನೆ ಎಲ್ಲಿತ್ತೋ ಅಲ್ಲೇ ಇಡ್ಬೇಕು ಮಕ್ಕಳೇ," ಅಂದರು. "ನಮ್ಮಜ್ಜಿ ಕಾಲದಲ್ಲೂ ಅದೇ ಮಾತು. ಅದಲು ಬದಲು ಮಾಡಿದ್ರೆ ಕೂರಲ್ಲ, ಹಟ ಮಾಡ್ತವೆ."

"ನಮ್ಮ ಮನೇಲಿ ನಾನೂ ಹಂಗೇನೇ," ಅಂದ ಹೆನ್ನಿಂಗ್. ಅವನು ನನ್ನ ಜೋಡಿ. ದಾರದ ಒಂದು ತುದಿ ಅವನು, ಇನ್ನೊಂದು ನಾನು. ಅವನು ದಿನವಿಡೀ ಶಿಳ್ಳೆ ಹಾಕುತ್ತಾನೆ. ನಾನು ದಿನವಿಡೀ ತಪ್ಪಾಯಿತಾ ಎಂದು ಕೇಳುತ್ತೇನೆ.

"ತಾಬೆಯಾ, ಈಗ ಬಾಗಿಲಿಗೆ ಸಾರಿ ಅಂದ್ಯಾ ನೀನು?" ಅಂದ ಅವನು.

"ತಾಗಿತು ಅದಕ್ಕೆ…"

"ನಾನೂರ ಅರವತ್ತು ವರ್ಷದಿಂದ ಎಲ್ಲರೂ ಗುದ್ದಿದಾರೆ ಕಣೇ. ಸಾರಿ ಅಂದವಳು ನೀನೊಬ್ಬಳೇ."

ಹಿಂದಿನ ಕೋಣೆಯಲ್ಲಿ ಸುಣ್ಣದ ಗಾರೆ ಉದುರಿ, ಮರದ ಚೌಕಟ್ಟಿನ ನಡುವೆ ತುಂಬಿದ ಜೇಡಿಮಣ್ಣು ಕಾಣುತ್ತದೆ. ಹುಲ್ಲು ಬೆರೆಸಿದ ಮಣ್ಣು. ಅದರಲ್ಲಿ ಒಂದು ಅಂಗೈ ಇದೆ. ಹಸಿಯಿದ್ದಾಗ ಯಾರೋ ಒತ್ತಿ ನೋಡಿದ್ದಾರೆ, ಒಣಗಿತೋ ಇಲ್ಲವೋ ಎಂದು. ಕಿರುಬೆರಳು ಸ್ವಲ್ಪ ಸೊಟ್ಟ. ಹೆನ್ನಿಂಗ್ ಊಟ ತರಲು ಹೋದಾಗ ನನ್ನ ಅಂಗೈಯನ್ನು ಅದರ ಮೇಲಿಟ್ಟೆ. ಮಣ್ಣು ತಣ್ಣಗಿತ್ತು. ಆ ಕೈ ನನ್ನದಕ್ಕಿಂತ ಚಿಕ್ಕದು. ಒಂದು ನಿಮಿಷ ನನಗೆ ಯಾವ ಯೋಚನೆಯೂ ಬರಲಿಲ್ಲ. ಹಾಗೆ ಆಗುವುದೇ ಇಲ್ಲ ನನಗೆ.

ನವೆಂಬರ್ ೧೩, ಗುರುವಾರ

ಮೇಡಂ ನಮ್ಮನ್ನು ಕ್ವಾಸ್ಟ್ ಮೇಸ್ತ್ರಿಯ ಮರದ ಅಂಗಳಕ್ಕೆ ಕಳಿಸಿದರು. ಊರಿನ ಹಳೇ ಮನೆಗಳನ್ನೆಲ್ಲ ರಿಪೇರಿ ಮಾಡುವ ಬಡಗಿ. ಕಂಬದಷ್ಟು ದಪ್ಪ ತೋಳು, ಅದಕ್ಕೆ ತಕ್ಕ ಹೊಟ್ಟೆ, ಗರಗಸದ ಸದ್ದಿಗೆ ಅರ್ಧ ಹೋದ ಕಿವಿ, ಆದ್ದರಿಂದ ಎಲ್ಲರೊಂದಿಗೂ ಕೂಗಿಯೇ ಮಾತು.

"ನೀನೇನಾ ಆ ಅರ್ಧ ಇಂಗ್ಲೆಂಡು?"

"ಹೌದು. ಸಾರಿ."

"ಏನಂದೆ? ಜೋರಾಗಿ!"

"ಸಾರಿ ಅಂದೆ!"

"ಯಾಕೆ? ಇನ್ನರ್ಧ, ಅಮ್ಮನ ಕಡೆಯದು, ನಮ್ಮದೇ ತಾನೆ?"

ಊಟದ ಹೊತ್ತು. ಬೇಲಿಯ ಪಕ್ಕ ಒಂದು ಸೊಟ್ಟ ಓಕ್ ದಿಮ್ಮಿ ಬಿದ್ದಿದೆ. ಕೆಲಸದವರೆಲ್ಲ ಅದರ ಮೇಲೆಯೇ ಕೂರುವುದು. ನಮಗೂ ಜಾಗ ಕೊಟ್ಟರು. ಮೇಸ್ತ್ರಿ ಡಬ್ಬಿ ಬಿಚ್ಚಿ ಈ ಊರಿನವರು ತಿನ್ನುವ ನಾತದ ಚೀಸನ್ನು ರೈ ಬ್ರೆಡ್ಡಿನ ಮೇಲೆ ಹರವಿದರು. ಹೆನ್ನಿಂಗ್ ಒಂದು ಮೊಳ ಸರಿದ.

ತಕ್ಕಡಿ ಮನೆಗೆ ಕಾಯಿಲೆ, ಅಂದರು ಮೇಸ್ತ್ರಿ. ಪಕ್ಕದ ಮನೆಗೂ ಅದಕ್ಕೂ ನಡುವೆ ಇರುವ ಸಂದಿಯಲ್ಲಿ ನೀರು ಬಿದ್ದು ಬಿದ್ದು ಆ ಬದಿಯ ಅಡಿತೊಲೆ ಕೊಳೆತಿದೆ. ಗೋಡೆಯ ಏಳು ಕಂಬವೂ ಅದರ ಮೇಲೇ ನಿಂತಿವೆ. ಜನವರಿಯಲ್ಲಿ ಹೊಸ ತೊಲೆ ಹಾಕಬೇಕು. ಅದಕ್ಕೆಂದೇ ಊರ ಕಾಡಿನಿಂದ ಒಂದು ಓಕ್ ಕೊಟ್ಟಿದ್ದಾರೆ. ತೋರಿಸಿದರು. ಎಂಟೂವರೆ ಮೀಟರ್, ಬಾಣದ ಹಾಗೆ ನೇರ. ನೂರ ಎಂಬತ್ತು ವರ್ಷದ್ದು. "ಈ ಉದ್ದಕ್ಕೆ ಇಷ್ಟು ನೇರ ಇರೋದು ಈ ವರ್ಷ ಇದೊಂದೇ. ಇದನ್ನ ಕೆಡಿಸಿದ್ರೆ ಫಾರೆಸ್ಟರ್ ನನ್ನನ್ನೇ ತೊಲೆ ಮಾಡಿ ಹಾಕ್ತಾನೆ."

ಆಮೇಲೆ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಇಲ್ಲಿನ ಮನೆಗಳನ್ನು ಚೌಕದಲ್ಲಿ ಕಟ್ಟಲೇ ಇಲ್ಲವಂತೆ. ಇಂಥ ಅಂಗಳದಲ್ಲಿ ಇಡೀ ಗೋಡೆಯನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಪ್ರತಿ ಮರಕ್ಕೂ ಉಳಿಯಿಂದ ಗುರುತು ಹಾಕಿ, ಬಿಚ್ಚಿ, ಗಾಡಿಯಲ್ಲಿ ಹೊತ್ತು ತಂದು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಖಾಲಿ ಇದ್ದ ಜಾಗದಲ್ಲಿ ಸಂಜೆಗೆ ಒಂದು ಮನೆಯ ಅಸ್ಥಿಪಂಜರ.

ಬರುವಾಗ ಪುರಭವನದ ಮೆಟ್ಟಿಲ ಮೇಲೆ ನಿಂತು ಚೌಕ ನೋಡಿದೆ. ಇಪ್ಪತ್ತೆರಡು ಮನೆ. ಇಪ್ಪತ್ತೆರಡು ಬೆಳಗು. ಗಂಟೆ ಮೂರು ಹೊಡೆದದ್ದೇ ಗೊತ್ತಾಗಲಿಲ್ಲ; ತರಗತಿ ತಪ್ಪಿತು.

ನವೆಂಬರ್ ೧೯, ಬುಧವಾರ

ಸಂದಿ ಮುಗಿಯಿತು. ಈಗ ಬರೆಯಲಾರೆ.

ನವೆಂಬರ್ ೨೦, ಗುರುವಾರ

ನಿನ್ನೆ ಹೆನ್ನಿಂಗ್‌ಗೆ ಜ್ವರ. ಉಳಿದದ್ದು ಸಂದಿಯ ಕಡೆಯ ಗೋಡೆಯ ಹೊರಮೈ ಮಾತ್ರ. ನಲವತ್ತೈದು ಸೆಂಟಿಮೀಟರ್ ಅಗಲದ ಸಂದಿ. ಹೆನ್ನಿಂಗ್ ಹೇಗೂ ಹಿಡಿಸುವುದಿಲ್ಲ, ನಾನು ಅಡ್ಡಡ್ಡ ಹೋದರೆ ಹಿಡಿಸುತ್ತೇನೆ. ಈ ತುದಿಯಿಂದ ಆ ತುದಿಗೆ ದಾರ ಬಿಗಿದೆ. ದಾರದಿಂದ ಅಡಿತೊಲೆಗೆ ಎಷ್ಟು ದೂರ ಎಂದು ಒಂದೊಂದು ಮೀಟರಿಗೆ ಅಳೆಯುತ್ತ ಒಳಗೆ ಸರಿದೆ. ಮೊದಲು ಇಪ್ಪತ್ತು ಸೆಂಟಿಮೀಟರ್. ಆಮೇಲೆ ಹದಿನೆಂಟು, ಹದಿನೈದು.

ನಡುವೆ ಬಂದಾಗ ಗೋಡೆಗಳು ಹತ್ತಿರ ಬಂದವು. ನಿಜಕ್ಕೂ ಬಂದಂತಾಯಿತು. ಎದೆ ಒಂದಕ್ಕೆ, ಬೆನ್ನು ಇನ್ನೊಂದಕ್ಕೆ ತಾಗಿತು. ಹಾಸ್ಟೆಲ್ಲಿನಲ್ಲಿ ಹನ್ನೊಂದನೇ ವಯಸ್ಸಿನಲ್ಲಿ ಹೀಗೆ ಆಗುತ್ತಿತ್ತು, ದೀಪ ಆರಿಸಿದ ಮೇಲೆ ಮಂಚದ ಎರಡೂ ಕಡೆಯ ಕಪಾಟುಗಳು ಸರಿದು ಬರುತ್ತಿದ್ದವು. ನರ್ಸ್ ಬಂದು, "ಏನೂ ಬಂದಿಲ್ಲ, ಎಲ್ಲ ನಿನ್ನ ತಲೇಲಿ," ಎಂದು ಹೊದಿಕೆ ಸರಿಮಾಡಿ ಹೋಗುತ್ತಿದ್ದಳು. ಅಳತೆಕೋಲು ನೋಡಿದರೆ ಒಂಬತ್ತು. ಒಂಬತ್ತು ಹೇಗೆ ಸಾಧ್ಯ? ಬರೆದುಕೊಂಡೆ. ಹಾಗೇ ಹನ್ನೊಂದು, ಹದಿನಾಲ್ಕು, ಹದಿನೇಳು, ಇಪ್ಪತ್ತು, ಹೊರಗೆ. ಹಿತ್ತಲಲ್ಲಿ ಕಸದ ಡಬ್ಬಿಗಳ ಪಕ್ಕ ಕೂತು ಅತ್ತೆ.

ಇವತ್ತು ನಕ್ಷೆಗೆ ಇಳಿಸಲು ಕೂತರೆ ಆ ಅಂಕಿಗಳನ್ನು ನೋಡಿಯೇ ನಾಚಿಕೆಯಾಯಿತು. ಉಳಿದ ಮೂರು ಗೋಡೆಯೂ ನೇರ, ಇದೊಂದು ಮಾತ್ರ ಹೊಟ್ಟೆ ಬಿಟ್ಟುಕೊಂಡು ಹನ್ನೊಂದು ಸೆಂಟಿಮೀಟರ್ ಹೊರಗೆ ಬರುತ್ತದಂತೆ! ಅದು ಗೋಡೆಯ ಅಳತೆಯಲ್ಲ, ನನ್ನ ಹೆದರಿಕೆಯ ಅಳತೆ. ಮತ್ತೆ ಹೋಗಿ ಅಳೆಯಬೇಕಿತ್ತು. ಸಂದಿಯ ಬಾಯಿವರೆಗೂ ಹೋದೆ. ಒಳಗೆ ಹೋಗಲಿಲ್ಲ.

ಸ್ಕೇಲ್ ಇಟ್ಟು ನೇರ ಗೆರೆ ಎಳೆದೆ. ನಕ್ಷೆಯಲ್ಲಿ ಹನ್ನೊಂದು ಸೆಂಟಿಮೀಟರ್ ಅಂದರೆ ನಾಲ್ಕೂವರೆ ಮಿಲಿಮೀಟರ್. ಬಾರ್ಲಿ ಕಾಳಿಗಿಂತ ಕಮ್ಮಿ.

ಡಿಸೆಂಬರ್ ೨, ಮಂಗಳವಾರ

ನನ್ನ ನಕ್ಷೆ ಗೋಡೆಗೆ ಏರಿದೆ! ತರಗತಿಯ ಗೋಡೆಗೆ, ಎಲ್ಲರಿಗೂ ಕಾಣುವ ಹಾಗೆ. "ಮೊದಲ ವರ್ಷದವರು ಇಷ್ಟು ಶುದ್ಧವಾಗಿ ಬರೆದದ್ದನ್ನ ನಾನು ನೋಡಿ ಬಹಳ ದಿನ ಆಯ್ತು," ಅಂದರು ಮೇಡಂ. ಹೆನ್ನಿಂಗ್ ನನ್ನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಕೆಮ್ಮು ಬಂತು.

ನೆಟ್ಟಗೆ ನೋಡಲು ಆಗುತ್ತಿಲ್ಲ. ಕಣ್ಣು ಆ ಒಂದು ಗೆರೆಗೇ ಹೋಗುತ್ತದೆ. ಹಾಸ್ಟೆಲ್ಲಿನಲ್ಲಿ ಭಾನುವಾರ ವಾರ್ಡನ್ ಸ್ಕೇಲ್ ಹಿಡಿದು ಹೊದಿಕೆಯ ಅಂಚು ನೋಡುತ್ತಿದ್ದರು. ನನ್ನದು ಎಂಟು ವರ್ಷದಲ್ಲಿ ಒಮ್ಮೆಯೂ ಸೊಟ್ಟ ಇರಲಿಲ್ಲ. ಯಾಕೆಂದರೆ ಶನಿವಾರ ರಾತ್ರಿ ನಾನು ನೆಲದ ಮೇಲೆ ಮಲಗುತ್ತಿದ್ದೆ.

ಡಿಸೆಂಬರ್ ೧೧, ಗುರುವಾರ

ಚೌಕದ ತುಂಬ ಕ್ರಿಸ್‌ಮಸ್ ಸಂತೆಯ ಗುಡಾರಗಳು. ಬಿಸಿ ವೈನಿನ ಹಬೆ ಮೇಲೇರಿ ಮನೆಗಳ ಮೊದಲ ಅಂತಸ್ತು ಕಾಣುವುದಿಲ್ಲ. ಮೇಲಿನ ಅಂತಸ್ತುಗಳು ಗಾಳಿಯಲ್ಲಿ ತೇಲುತ್ತಿವೆ. ಬಾಯಿ ತೆರೆದು ನಿಂತಿದ್ದೆ, ಹಿಂದಿನಿಂದ ಕ್ವಾಸ್ಟ್ ಮೇಸ್ತ್ರಿಯ ಕೂಗು.

"ಅರ್ಧ ಇಂಗ್ಲೆಂಡು! ನಿನ್ನ ನಕ್ಷೆ ಕಾಪಿ ಇಸ್ಕೊಂಡೆ ಮೇಡಂ ಹತ್ರ. ಆ ಸಂದೀಲಿ ನನ್ನ ಹೊಟ್ಟೆ ಹೋಗಲ್ಲ ನೋಡು. ನೀನೇ ಅಳೆದಿದ್ದೀಯಲ್ಲ, ಸಾಕು ಬಿಡು."

"ಮೇಸ್ತ್ರಿಗಳೇ, ಒಳಗಡೆಯಿಂದ ಒಂದ್ಸಲ…"

"ಏನು?"

"ಒಳಗಡೆಯಿಂದ ಅಳೆಯಲ್ವಾ?"

"ನೆಲದ ಹಲಗೆ ಕಿತ್ತರೆ ತಾನೆ ಅಡಿತೊಲೆ ಕಾಣೋದು? ಅಂಗಡಿ ಮುಚ್ಚೋದು ಎರಡೇ ದಿನ ಅಂತ ನೀಬೂರಮ್ಮಂಗೆ ಮಾತು ಕೊಟ್ಟಿದೀನಿ. ಕಂಬ ಕೂರೋ ಏಳು ಕುಳೀನೂ ಅಂಗಳದಲ್ಲೇ ಕೊರೆದು ತಂದು ತಳ್ಳೋದು. ಹಿಂದಿನವರು ಮಾಡ್ತಿದ್ದ ಹಾಗೆ."

ಹೇಳಬಹುದಿತ್ತು. ಬಾಯಿ ತೆರೆದೇ ಇತ್ತು. ಅವರು ಅದರೊಳಗೆ ಒಂದು ಬಿಸಿ ಬಾದಾಮಿ ಹಾಕಿ ಹೊರಟುಹೋದರು.

ಜನವರಿ ೧೫, ಗುರುವಾರ

ರಜೆಯಲ್ಲಿ ನಾರ್ವಿಚ್‌ಗೆ ಹೋಗಿದ್ದೆ. ಪಪ್ಪನ ಮನೆಯಿಂದ ನೆಟ್ಟಗೆ ನೋಡಿದರೆ ಚರ್ಚಿನ ಗೋಪುರ. ಅದರ ಕಲ್ಲು ಎಷ್ಟು ಸವೆದಿದೆ ಎಂದು ನೋಡುತ್ತ ಕೂತಿದ್ದೆನಂತೆ. ಫಾರ್ಮ್ ತುಂಬಿದೆಯಾ ಅಂದರು. ಹೆಸರು ಬರೆದಿದ್ದೇನೆ ಅಂದೆ.

ಇವತ್ತು ಅಂಗಳಕ್ಕೆ ಹೋದೆ. ಆ ನೇರ ಓಕನ್ನು ಚೌಕವಾಗಿ ಸೀಳಿ, ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟಿದ್ದಾರೆ. ಒಳಗಿನ ಮರ ಜೇನಿನ ಬಣ್ಣ. ಅದರ ಮೇಲೆ ಏಳು ಕುಳಿಗಳ ಗೆರೆ, ನೀಲಿ ಪೆನ್ಸಿಲ್ಲಿನಲ್ಲಿ, ನನ್ನ ನಕ್ಷೆ ನೋಡಿ ಎಳೆದದ್ದು. ಏಳೂ ಒಂದೇ ಸಾಲಿನಲ್ಲಿ.

"ಸೋಮವಾರ ಬೆಳಿಗ್ಗೆ ಕೊರೀತೀನಿ. ಬಾ ನೋಡೋಕೆ."

ನೂರ ಎಂಬತ್ತು ಸಣ್ಣ ವರ್ತುಲಗಳನ್ನು ತೊಲೆಯ ತುದಿಯಲ್ಲಿ ಎಣಿಸಿದೆ. ನಾನು ಅಂದುಕೊಂಡ ಹಾಗೆ ಆ ಅಂಕಿಗಳು ನನ್ನ ತಲೆಯಲ್ಲೇ ಹುಟ್ಟಿದ್ದರೆ ಎಲ್ಲ ಸರಿ. ಗೋಡೆಯಲ್ಲಿ ಹುಟ್ಟಿದ್ದರೆ? ಮರ ಹಾಳು, ಕಂಬಗಳು ತೊಲೆಯ ಅಂಚಿನಾಚೆ, ಮನೆಯನ್ನು ಎತ್ತಿ ಹಿಡಿದ ಜಾಕಿಗಳ ಮೇಲೇ ಅದು ಎಷ್ಟು ದಿನ ನಿಲ್ಲಬೇಕೋ. ಹೇಳಿದರೆ ನಾನು ಸುಳ್ಳು ನಕ್ಷೆ ಬರೆದವಳು. ಮೇಡಂ ಇಲ್ಲಿ ಇಟ್ಟುಕೊಳ್ಳುವುದಿಲ್ಲ.

ಹೇಳದಿದ್ದರೂ ಇಟ್ಟುಕೊಳ್ಳುವುದಿಲ್ಲ, ಸೋಮವಾರದ ನಂತರ.

ಜನವರಿ ೧೬, ಶುಕ್ರವಾರ

ಸುಮ್ಮನೆ ಗುಂಡಿ ಅಂಗಡಿಗೆ ಹೋದೆ. ಸಂದಿಗೆ ಹೋಗುವ ಧೈರ್ಯ ಬರುತ್ತದೇನೋ ಎಂದು ಒಳಗೆ ನಿಂತಿದ್ದೆ. ಫ್ರೌ ನೀಬೂರ್ ಒಬ್ಬ ಮುದುಕನಿಗೆ ಕೋಟಿನ ಗುಂಡಿ ಹುಡುಕುತ್ತ ನಡುವಿನ ಖಾನೆಯೊಂದನ್ನು ಎಳೆದರು. ಎಳೆದರು, ಎಳೆದರು, ಅದು ಬರುತ್ತಲೇ ಇತ್ತು. ಆಮೇಲೆ ತುದಿಯ ಖಾನೆ ಎಳೆದರು. ಅದು ಗಿಡ್ಡ.

"ಫ್ರೌ ನೀಬೂರ್, ಅದಲು ಬದಲು ಮಾಡಿದ್ರೆ ಕೂರಲ್ಲ ಅಂದ್ರಲ್ಲ, ಏನಾಗುತ್ತೆ?"

"ಏನಾಗುತ್ತೆ? ನಾಲಿಗೆ ಚಾಚುತ್ತೆ. ಚಿಕ್ಕವಳಿದ್ದಾಗ ಒಂದ್ಸಲ ಮಾಡಿ ಅಜ್ಜಿ ಕೈಲಿ ಏಟು ತಿಂದಿದ್ದೆ."

"ಒಂದೇ ಒಂದ್ಸಲ ಮಾಡ್ಲಾ?"

ಅವರು ಎರಡೂ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ಏನು ಕಂಡಿತೋ, ಬಾಗಿಲಿಗೆ ಚಿಲಕ ಹಾಕಿ ಬಂದರು, ಮುದುಕನನ್ನು ಒಳಗೇ ಇಟ್ಟುಕೊಂಡು.

ನಡುವಿನ ಖಾನೆಯನ್ನು ಗುಂಡಿಗಳ ಸಮೇತ ಹೊತ್ತು ತಂದು ಮೂಲೆಯ ಗೂಡಿಗೆ ತಳ್ಳಿದೆ. ಹಿಂದೆ ಗೋಡೆಗೆ ಟಕ್ ಎಂದು ತಾಗಿತು. ಮುಂದೆ ಚಾಚಿಕೊಂಡು ನಿಂತಿತು. ಅಳತೆಕೋಲು ಬಿಚ್ಚಿದೆ.

"ಎಷ್ಟಮ್ಮ?" ಅಂದ ಮುದುಕ.

ಹನ್ನೊಂದು.

ಆ ಖಾನೆಗಳನ್ನು ಮಾಡಿದ ಬಡಗಿಗೆ ಇದು ಗೊತ್ತಿತ್ತು. ಗೋಡೆ ಎಲ್ಲಿ ಹಿಂದೆ ಹೋಗಿದೆಯೋ ಅಲ್ಲಿ ಉದ್ದ, ಎಲ್ಲಿ ಮುಂದೆ ಇದೆಯೋ ಅಲ್ಲಿ ಗಿಡ್ಡ, ಇನ್ನೂರ ಹತ್ತನ್ನೂ ಅದರದರ ಜಾಗ ನೋಡಿ ಮಾಡಿದ್ದಾನೆ. ಮುಖ ಮಾತ್ರ ಒಂದೇ ಸಾಲು. ನೂರೈವತ್ತು ವರ್ಷ ಇಲ್ಲಿನ ಹೆಂಗಸರು ಗುಂಡಿ ಹುಡುಕುತ್ತ ಆ ಗೋಡೆಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದಾರೆ.

ಹಾಗಾದರೆ ಆ ದಿನ ಗೋಡೆ ನನ್ನತ್ತ ಬಂದದ್ದು ನಿಜ. ನಿಜವಾಗಿಯೂ ಬಂದಿತ್ತು.

ಜನವರಿ ೧೭, ಶನಿವಾರ

ಕೈ ನೋಯುತ್ತಿದೆ, ಆದರೆ ಎಲ್ಲ ಬರೆಯಬೇಕು.

ಎಂಟು ಗಂಟೆಗೆ ಅಂಗಳ. ಮೇಸ್ತ್ರಿ ಸೊಟ್ಟ ದಿಮ್ಮಿಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು. ದಾರಿಯಲ್ಲಿ ಕಲಿತುಕೊಂಡು ಬಂದ ವಾಕ್ಯವೆಲ್ಲ ಹೋಯಿತು.

"ಮೇಸ್ತ್ರಿಗಳೇ, ಕೊರೀಬೇಡಿ. ನಕ್ಷೆ ಸುಳ್ಳು."

"ಏನು?"

"ನಕ್ಷೆ ಸುಳ್ಳು!" ಕೂಗಿದೆ. ಅಂಗಳದ ಆ ತುದಿಯಲ್ಲಿ ಗರಗಸ ನಿಂತಿತು. "ಗೋಡೆ ಹೊಟ್ಟೆ ಬಿಟ್ಟಿದೆ, ಹನ್ನೊಂದು ಸೆಂಟಿಮೀಟರ್! ನಾನು ಅಳೆದಿದ್ದೆ. ಬರೀಲಿಲ್ಲ. ನೇರ ಎಳೆದುಬಿಟ್ಟೆ. ನಿನ್ನೆ ಅಂಗಡಿಯ ಖಾನೆ ಅಳೆದಾಗಲೂ ಹನ್ನೊಂದೇ ಬಂತು."

ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ. ಎರಡು ಸಲ, ಮೂರು ಸಲ ಕಲ್ಲಿನ ಮೇಲೆ ಉಳಿ ಆಡಿತು.

"ಇದನ್ನ ಹೇಳೋಕೆ ಎರಡು ತಿಂಗಳು ಬೇಕಾಯ್ತಾ?"

"ಹೌದು."

"ಸೋಮವಾರ ಬೆಳಿಗ್ಗೆ ಹೇಳಿದ್ದಿದ್ರೆ ನಿನ್ನ ಕಿವಿ ಕಿತ್ತು ಇಂಗ್ಲೆಂಡಿಗೆ ಪಾರ್ಸೆಲ್ ಮಾಡ್ತಿದ್ದೆ." ಎದ್ದರು. "ನಡಿ. ಮತ್ತೆ ಅಳಿ. ಖಾನೆ ಲೆಕ್ಕದ ಮೇಲೆ ಮನೆ ನಿಲ್ಸೋಕಾಗಲ್ಲ."

ಶನಿವಾರ, ಚೌಕದಲ್ಲಿ ತರಕಾರಿ ಸಂತೆ. ಅವರು ದೊಡ್ಡ ಹೆಜ್ಜೆ ಹಾಕಿ ನಡುವೆಯೇ ಹೋದರು, ನಾನು ಹಿಂದೆ ಓಡಿದೆ. ದಾರ ಬಿಗಿದೆವು. ಟಾರ್ಚು ಹಣೆಗೆ ಕಟ್ಟಿಕೊಂಡೆ. ನೋಟ್‌ಬುಕ್ ಅಂಗಳದಲ್ಲೇ ಬಿಟ್ಟು ಬಂದಿದ್ದೆ. ಜೇಬಿನಲ್ಲಿ ಮಡಚಿದ ಕಾಗದವೊಂದಿತ್ತು, ಹಿಂಬದಿ ಖಾಲಿ, ಅದನ್ನು ಮೇಸ್ತ್ರಿಗೆ ಕೊಟ್ಟೆ, ನಾನು ಹೇಳುತ್ತ ಹೋಗುತ್ತೇನೆ ನೀವು ಬರೆದುಕೊಳ್ಳಿ ಎಂದು.

"ಜೋರಾಗಿ ಹೇಳು. ಈ ಕಿವಿಗೆ ಪಿಸುಮಾತು ಹತ್ತಲ್ಲ."

ಒಳಗೆ ಸರಿದೆ. "ಇಪ್ಪತ್ತು!"

"ಎಷ್ಟು?"

"ಇಪ್ಪತ್ತು!"

"ಇಪ್ಪತ್ತಂತೆ ಕಣ್ರೀ ಕ್ವಾಸ್ಟು!" ಇದು ಆಲೂಗಡ್ಡೆ ಮಾರುವವಳು. "ಏನ್ ಹುಡುಗೀನ ಗೋಡೆಗೆ ಸಿಕ್ಕಿಸಿ ವ್ಯಾಪಾರ ಮಾಡಿಸ್ತಿದೀರಾ? ಏನದು ಇಪ್ಪತ್ತು, ಎಲೆಕೋಸಾ?"

"ಹದಿನೆಂಟು! ಹದಿನೈದು! ಹನ್ನೆರಡು!"

"ಇಳೀತಾ ಇದೆ! ಕಾಯಿರಿ, ಇನ್ನೂ ಇಳಿಯುತ್ತೆ!" ಯಾರೋ ನಕ್ಕರು.

ನಡುವೆ ಬಂದೆ. ಎದೆಗೂ ಬೆನ್ನಿಗೂ ತಾಗಿತು. ಹೌದು, ತಾಗಬೇಕಾದದ್ದೇ, ಇಲ್ಲಿ ಸಂದಿ ಮೂವತ್ತನಾಲ್ಕೇ ಇರುವುದು. "ಒಂಬತ್ತು!"

ಹೊರಗಿನಿಂದ ಮೇಸ್ತ್ರಿಯ ಕೂಗು: "ಅಲ್ಲೇ ನಿಲ್ಲು. ತೊಲೆ ಗಟ್ಟಿ ಇರೋ ಕಡೆ ಕೆರೆದು ನಾರು ನೋಡು. ಹೇಗಿದೆ? ಅಂಚಿಗೆ ಬಂದು ತುಂಡಾಗಿದೆಯಾ, ಅಲ್ಲ ತೊಲೆ ಜೊತೇನೇ ತಿರುಗಿದೆಯಾ?"

ಬೆರಳಿನಿಂದ ಪಾಚಿ ಕೆರೆದೆ. ಕಪ್ಪು ಓಕ್, ಕೊಡಲಿಯ ಸಣ್ಣ ಸಣ್ಣ ಏಟು. ನಾರಿನ ಗೆರೆಗಳ ಮೇಲೆ ಬೆರಳಿಟ್ಟು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಒಂದೂ ತುಂಡಾಗಿರಲಿಲ್ಲ. ಎಲ್ಲವೂ ಒಟ್ಟಿಗೆ, ಹೊಳೆ ತಿರುಗುವ ಹಾಗೆ, ನಿಧಾನವಾಗಿ ತಿರುಗಿದ್ದವು. ಕೊಡಲಿಯ ಏಟುಗಳೂ ಅದರ ಹಿಂದೆಯೇ.

"ತಿರುಗಿದೆ!"

"ಹಾಗಾದ್ರೆ ಅದು ಕೆತ್ತಿ ಬಾಗಿಸಿದ್ದಲ್ಲ," ಅಂದರು ಮೇಸ್ತ್ರಿ, ಕೂಗದೆ. ಆದರೂ ನನಗೆ ಕೇಳಿಸಿತು. "ಬಾಗಿಯೇ ಬೆಳೆದದ್ದು. ಆ ಪುಣ್ಯಾತ್ಮಂಗೆ ನೇರ ಮರ ಸಿಕ್ಕಿಲ್ಲ."

ಸಂದಿಯ ನಡುವೆ ನಿಂತು ಮೇಲೆ ನೋಡಿದೆ. ಎರಡು ಗೋಡೆಗಳ ನಡುವೆ ಬಹಳ ಎತ್ತರದಲ್ಲಿ ಒಂದು ಬೆರಳಗಲ ಆಕಾಶ. ಅಡಿತೊಲೆಯ ತಿರುವನ್ನೇ ಅನುಸರಿಸಿ ಮೇಲಿನ ತೊಲೆ, ಅದರ ಮೇಲಿನದು, ಅದರ ಮೇಲಿನದು, ಮಾಡಿನವರೆಗೆ. ೧೫೬೩ಕ್ಕೂ ನೂರು ವರ್ಷ ಹಿಂದೆ ಕಾಡಿನಲ್ಲಿ ಒಂದು ಸಸಿ ಬೆಳಕು ಹುಡುಕಿಕೊಂಡು ಸ್ವಲ್ಪ ಪಕ್ಕಕ್ಕೆ ಬಾಗಿದೆ. ಯಾವುದೋ ದೊಡ್ಡ ಮರದ ನೆರಳಿರಬೇಕು. ಆ ನೆರಳಿಗಾಗಿ ನಾಲ್ಕು ಅಂತಸ್ತಿನ ಮನೆ ಇವತ್ತಿಗೂ ಬಾಗಿ ನಿಂತಿದೆ. ಎಷ್ಟು ಹೊತ್ತು ನಿಂತಿದ್ದೆನೋ. ಆಲೂಗಡ್ಡೆಯವಳು, "ಹುಡುಗಿ ಬದುಕಿದಾಳಾ ನೋಡ್ರಪ್ಪ," ಎಂದಾಗ ಉಳಿದ ಅಂಕಿಗಳ ನೆನಪಾಯಿತು.

"ಹನ್ನೊಂದು! ಹದಿನಾಲ್ಕು! ಹದಿನೇಳು! ಇಪ್ಪತ್ತು!"

ಹಿತ್ತಲಿನಿಂದ ಸುತ್ತಿ ಬಂದರೆ ಮೇಸ್ತ್ರಿ ಕಾಗದ ಹಿಡಿದು ನಿಂತಿದ್ದರು. ಅವರ ಮುಖ ಬೇರೆ ಯಾರದೋ ಮುಖದ ಹಾಗಿತ್ತು.

"ನೇರ ಮರ ಬೇಡ ಅದಕ್ಕೆ," ಅಂದರು. "ಸೊಟ್ಟ ಬೇಕು. ಇಷ್ಟೇ ಸೊಟ್ಟ." ಆಮೇಲೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ನಾವು ಕೂರೋ ದಿಮ್ಮಿ," ಅಂದೆ.

"ಹನ್ನೆರಡು ವರ್ಷದಿಂದ ಅದರ ಮೇಲೆ ಕೂತು ಬ್ರೆಡ್ ತಿಂದಿದೀನಿ," ಅಂದರು. "ಬಾ!"

ಅಂಗಳದಲ್ಲಿ ಕೆಲಸದವರನ್ನೆಲ್ಲ ಎಬ್ಬಿಸಿ, ದಿಮ್ಮಿಯ ಮೇಲಿನ ಡಬ್ಬಿಗಳನ್ನು ಸರಿಸಿ, ಈ ತುದಿಯಿಂದ ಆ ತುದಿಗೆ ದಾರ ಹಿಡಿದೆವು. ಅಳತೆಕೋಲನ್ನು ನನ್ನ ಕೈಗೇ ಕೊಟ್ಟರು. ನಡುವಿನಲ್ಲಿ ಹದಿಮೂರು.

"ಎರಡು ಕೆತ್ತಬಹುದು," ಅಂದರು ಮೇಸ್ತ್ರಿ.

ಜನವರಿ ೧೯, ಸೋಮವಾರ

ಲೋಹ್ಸೆ ಮೇಡಂಗೆ ಹೇಳಿದೆ. ಹಳೇ ನಕ್ಷೆಯನ್ನು ನಾನೇ ಗೋಡೆಯಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ. ಬಹಳ ಬೈದರು, ಹೆನ್ನಿಂಗ್ ಬಾಗಿಲ ಹೊರಗೆ ನಿಂತು ಏಳು ನಿಮಿಷ ಎಂದು ಲೆಕ್ಕ ಹಾಕಿದ್ದಾನೆ. ಅಂಕ ರದ್ದು. ಶುಕ್ರವಾರದೊಳಗೆ ಹೊಸ ನಕ್ಷೆ.

ಹೊರಡುವಾಗ ಕೇಳಿದರು, "ನಾರು ಪೂರ್ತಿ ತಿರುಗಿತ್ತಾ? ನೀನೇ ಮುಟ್ಟಿ ನೋಡಿದ್ಯಾ?" ಹೌದು ಅಂದೆ. ಅವರು ಕೋಟು ಹಾಕಿಕೊಳ್ಳತೊಡಗಿದರು. ಚೌಕಕ್ಕೆ ಹೋಗಿ ಆ ಸಂದಿಯ ಬಾಯಲ್ಲಿ ಇಬ್ಬರೂ ಬಹಳ ಹೊತ್ತು ನಿಂತಿದ್ದೆವು. ಮೇಡಂ ಟೋಪಿ ತೆಗೆದರು, ಯಾಕೋ.

ಜನವರಿ ೨೩, ಶುಕ್ರವಾರ

ಹೊಸ ನಕ್ಷೆ ಕೊಟ್ಟೆ. ಸ್ಕೇಲ್ ಇಲ್ಲದೆ ಬಿಂದುವಿನಿಂದ ಬಿಂದುವಿಗೆ ಕೈಯಲ್ಲೇ ಎಳೆದೆ. ಕೈ ನಡುಗಿದ ಗೆರೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಜನವರಿ ೩೦, ಶುಕ್ರವಾರ

ಪಪ್ಪನ ಫೋನ್. ಫಾರ್ಮ್ ಬಂದಿಲ್ಲವಂತಲ್ಲ, ಇಪ್ಪತ್ತೆಂಟು ಕಳೆಯಿತಲ್ಲ ಅಂದರು. ಅಯ್ಯೋ ಅಂದೆ. ಅದು ಕ್ವಾಸ್ಟ್ ಅಂಗಳದಲ್ಲಿ ಮೊಳೆಗೆ ಸಿಕ್ಕಿಸಿದೆ, ಹಿಂಬದಿಯಲ್ಲಿ ಅಳತೆ ಇದೆ, ತೊಲೆ ಮುಗಿಯುವವರೆಗೆ ತೆಗೆಯುವ ಹಾಗಿಲ್ಲ ಎಂದು ಹೇಳಿದೆ. ಪಪ್ಪ, "ಯಾವ ತೊಲೆ?" ಅಂದರು. ಹೇಳಿದೆ. ನಲವತ್ತು ನಿಮಿಷ ಆಯಿತು.

ಫೆಬ್ರವರಿ ೧೦, ಮಂಗಳವಾರ

ತೊಲೆ ಕೂತಿತು.

ಬೆಳಿಗ್ಗೆ ಆರಕ್ಕೇ ಜಾಕಿಗಳ ಮೇಲೆ ಮನೆ ಒಂದು ಬೆರಳು ಎದ್ದಿತ್ತು. ಹಿಂದಿನ ದಿನ ಕೊಳೆತದ್ದನ್ನು ತುಂಡು ತುಂಡಾಗಿ ಹೊರಗೆಳೆದಿದ್ದರು. ಹೊಸದನ್ನು ಹತ್ತು ಜನ ಹೊತ್ತು ಚೌಕಕ್ಕೆ ತಂದರು. ಕೊಡಲಿಯಲ್ಲೇ ಕೆತ್ತಿದ್ದು, ನಾರಿನ ಹಿಂದೆ ಹಿಂದೆ. ಸಂದಿಯ ಬಾಯಿಂದ ತಳ್ಳುವಾಗ ಒಳಗಿದ್ದು ದಾರಿ ಹೇಳಬೇಕಾದವಳು ನಾನು. "ಇನ್ನೂ! ಇನ್ನೂ! ನಿಲ್ಲಿ! ಕ್ವಾಸ್ಟ್ ಮೇಸ್ತ್ರಿ, ನಿಮ್ಮ ಕಡೆ ಎರಡು ಬೆರಳು ಎತ್ತಿ. ಎತ್ತಿ ಅಂದೆ, ಇಳಿಸೋಕಲ್ಲ!"

"ಏನ್ ಬೈತಾಳಪ್ಪ ಇವಳು!" ಅಂದರು ಹೊರಗೆ.

ಜಾಕಿ ಇಳಿಸಿದರು. ಏಳು ಕಂಬಗಳ ಕೆಳಗಿನ ಮೂತಿಗಳು ಏಳು ಕುಳಿಗಳ ಮೇಲೆ ನೇರವಾಗಿ ಬಂದು ನಿಂತವು, ಆಮೇಲೆ ಒಂದೊಂದಾಗಿ ಒಳಗೆ ಹೋದವು. ಆ ಸದ್ದನ್ನು ಹೇಗೆ ಬರೆಯಲಿ? ನಾಲ್ಕು ಅಂತಸ್ತೂ ಒಮ್ಮೆ ಉಸಿರುಬಿಟ್ಟ ಹಾಗೆ. ಅಂಗಡಿಯೊಳಗೆ ಇನ್ನೂರ ಹತ್ತು ಖಾನೆಗಳಲ್ಲಿ ಗುಂಡಿಗಳು ಒಟ್ಟಿಗೆ ಗಲ್ ಎಂದವು. ಫ್ರೌ ನೀಬೂರ್ ಎರಡೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕಂಬಗಳ ಬುಡದಲ್ಲಿ ಹಳೇ ಗುರುತುಗಳಿವೆ, ಒಂದು ಗೀಟು, ಎರಡು ಗೀಟು, ಮೂರು. ಅವುಗಳ ಎದುರಿಗೆ ಹೊಸ ತೊಲೆಯ ಮೇಲೆ ಅದೇ ಗುರುತು ಕೊರೆಯಬೇಕು. ಆರನ್ನು ಮೇಸ್ತ್ರಿ ಕೊರೆದರು. ನಡುವಿನದಕ್ಕೆ ಅವರ ಕೈ ಹೋಗುವುದಿಲ್ಲ, ಸಂದಿ ಇಕ್ಕಟ್ಟು. ಉಳಿಯನ್ನು ನನಗೆ ದಾಟಿಸಿದರು. ನಾಲ್ಕು ಗೀಟು. ಮೂರನೆಯದು ಸ್ವಲ್ಪ ಓರೆಯಾಗಿದೆ. ಹಾಗೇ ಬಿಟ್ಟೆ.

ಫೆಬ್ರವರಿ ೧೨, ಗುರುವಾರ

ಊಟಕ್ಕೆ ಅಂಗಳಕ್ಕೆ ಹೋಗಿದ್ದೆ. ಬೇಲಿಯ ಪಕ್ಕ ಈಗ ಆ ನೇರ ಓಕನ್ನು ಹಾಕಿದ್ದಾರೆ, ಮುಂದೆ ಯಾವುದಾದರೂ ಮನೆಗೆ ಬೇಕಾಗುವವರೆಗೆ. ಎಲ್ಲರೂ ಅದರ ಮೇಲೆ ಸಾಲಾಗಿ ಕೂತಿದ್ದರು, ಶಾಲೆಯ ಮಕ್ಕಳ ಹಾಗೆ.

"ಹೇಗಿದೆ?" ಅಂದರು ಮೇಸ್ತ್ರಿ, ಅರ್ಧ ಚೀಸು ನನ್ನ ಬ್ರೆಡ್ಡಿಗೆ ದಾಟಿಸುತ್ತ.

ಎರಡು ಸಲ ಅತ್ತಿತ್ತ ಸರಿದು ನೋಡಿದೆ. ಕೂರಲು ಎಲ್ಲೂ ಹೊಂದುವುದಿಲ್ಲ. "ಆ ಸೊಟ್ಟದ್ದರಷ್ಟು ಹಿತ ಇಲ್ಲ," ಅಂದೆ.